ಗೊಬ್ಬರದ ಅಂಗಡಿಯ ದಾಸ್ತಾನಿಗೆ ಸಾಫ್ಟ್‌ವೇರ್ ನೆರವಾಗುವುದೇ?

ಗೋಣಿಕೊಪ್ಪಲಿನಲ್ಲಿ ಗೊಬ್ಬರ, ಕೀಟನಾಶಕ ಮತ್ತು ತೋಟದ ಸಲಕರಣೆಗಳ ಅಂಗಡಿಯನ್ನೂ ಬೇರೆಡೆ ಒಂದು ಗೋದಾಮನ್ನೂ ಇಟ್ಟುಕೊಂಡಿರುವ ನೀವು, ಪುಸ್ತಕದ ಲೆಕ್ಕ ಬಿಟ್ಟು ವ್ಯವಹಾರ ನಿರ್ವಹಣೆಯ ಸಾಫ್ಟ್‌ವೇರ್ ಕೊಂಡರೆ ದಾಸ್ತಾನು ನಿಜಕ್ಕೂ ಹಿಡಿತಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಕುಶಾಲನಗರದ ಸುತ್ತಮುತ್ತ ಇಂಥದೇ ಅಂಗಡಿಗಳ ಲೆಕ್ಕ ನೋಡಿಕೊಳ್ಳುವವನಾಗಿ ಹೇಳುವುದಾದರೆ, ಖಂಡಿತ ಬರುತ್ತದೆ. ಆದರೆ ಸರಕು ಗೋದಾಮಿನ ಬಾಗಿಲು ದಾಟುವಾಗಲೇ ಅದನ್ನು ನಮೂದಿಸುವವರು ಒಬ್ಬರಿರಬೇಕು.

ಪುಸ್ತಕದಲ್ಲಾದರೆ ಖರೀದಿ, ಮಾರಾಟ, ಉಳಿಕೆ ಇವನ್ನೆಲ್ಲ ಬೇರೆ ಬೇರೆ ಪುಟಗಳಲ್ಲಿ ಬರೆಯುತ್ತೇವೆ. ಟ್ಯಾಲಿಯಂಥ ಸಾಫ್ಟ್‌ವೇರಿನಲ್ಲಿ ಒಂದು ಖರೀದಿ ಬಿಲ್ಲನ್ನು ನಮೂದಿಸಿದರೆ ಆಯಾ ಗೋದಾಮಿನ ದಾಸ್ತಾನು ಏರುತ್ತದೆ, ಪೂರೈಕೆದಾರರ ಬಾಕಿ ಖಾತೆಗೆ ಬರುತ್ತದೆ, ಜಿಎಸ್‌ಟಿ ಲೆಕ್ಕವೂ ಜೊತೆಯಲ್ಲೇ ಸೇರುತ್ತದೆ. ಕೀಟನಾಶಕಗಳಿಗೆ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನೂ ದಾಖಲಿಸಿದರೆ, ಬೇಗ ಅವಧಿ ಮುಗಿಯುವ ಡಬ್ಬಿಯನ್ನು ಮೊದಲು ಮಾರಿ ಮುಗಿಸಬಹುದು.

ನಿಮ್ಮಂಥ ಅಂಗಡಿಗೆ ಇದಕ್ಕಿಂತ ದೊಡ್ಡ ಲಾಭವಿರುವುದು ಯಾವಾಗ, ಎಷ್ಟು ತರಿಸಬೇಕು ಎಂಬ ತೀರ್ಮಾನದಲ್ಲಿ. ಪ್ರತಿ ಸರಕಿಗೂ ಮರುಖರೀದಿ ಮಟ್ಟವೊಂದನ್ನು ನಿಗದಿಪಡಿಸಿದರೆ, ಉಳಿಕೆ ಅದಕ್ಕಿಂತ ಕೆಳಗಿಳಿದ ಸರಕುಗಳ ಪಟ್ಟಿ ಸಿಗುತ್ತದೆ. ಸರಕು ಬಂದು ತಲುಪಲು ಹಿಡಿಯುವ ದಿನಗಳನ್ನು ದಿನದ ಮಾರಾಟದಿಂದ ಗುಣಿಸಿ, ಅದಕ್ಕೆ ಆಪತ್ಕಾಲಕ್ಕೆಂದು ಒಂದಿಷ್ಟು ಸೇರಿಸಿದರೆ ಆ ಮಟ್ಟ ಸಿಗುತ್ತದೆ. ಕೊಡಗಿನಲ್ಲಿ ಈ ಲೆಕ್ಕವನ್ನು ವರ್ಷದ ಸರಾಸರಿಯ ಮೇಲೆ ಮಾಡಿದರೆ ಕೆಟ್ಟಂತೆಯೇ. ಮೈಲುತುತ್ತವನ್ನೇ ನೋಡಿ: ವರ್ಷಕ್ಕೆ 1,200 ಕಿಲೋ ಮಾರಾಟವಾದರೆ ಸರಾಸರಿ ತಿಂಗಳಿಗೆ 100 ಕಿಲೋ ಎನ್ನುತ್ತದೆ, ಆದರೆ ಶಿಲೀಂಧ್ರ ರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವವರು ಬರುವುದು ಮಳೆಗೆ ಮುಂಚೆ ಮತ್ತು ಮಳೆ ಬಿಡುವು ಕೊಟ್ಟಾಗ, ಎಲ್ಲರೂ ಒಟ್ಟಿಗೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕಾಗುವುದರಿಂದ, ಸುಣ್ಣ ಮುಗಿದ ದಿನ ಮೈಲುತುತ್ತವೂ ಮಾರಾಟವಾಗದೆ ಕೂರುತ್ತದೆ. ಜಿಲ್ಲೆಗೆ ರೈಲು ಇಲ್ಲ, ಎಲ್ಲವೂ ಲಾರಿಯಲ್ಲೇ ಬರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆ ಬಂದ್ ಆದದ್ದು ನಿಮಗೂ ನೆನಪಿರಬೇಕು. ಹಾಗಾಗಿ ಮಳೆಗಾಲಕ್ಕೆ ಮರುಖರೀದಿ ಮಟ್ಟವನ್ನು ಬೇರೆಯಾಗಿಯೇ ಇಡಬೇಕು. ತಿಂಗಳುವಾರು ಮಾರಾಟದ ಅಂಕಿಗಳನ್ನು ಸಾಫ್ಟ್‌ವೇರ್ ಕ್ಷಣದಲ್ಲಿ ತೆಗೆದುಕೊಡುತ್ತದೆ, ಮಳೆಯ ಲೆಕ್ಕ ಮಾತ್ರ ನಿಮ್ಮದೇ.

ಅಳತೆಯ ವಿಷಯದಲ್ಲಿ ಮೊದಲ ದಿನವೇ ಎಚ್ಚರ ವಹಿಸಿ. ಯೂರಿಯಾ ಚೀಲ 45 ಕಿಲೋ, ಡಿಎಪಿ ಚೀಲ 50 ಕಿಲೋ. ಎರಡಕ್ಕೂ ಬರಿದೇ ‘ಚೀಲ’ ಎಂದು ಬರೆದರೆ ಒಟ್ಟು ತೂಕದ ವರದಿ ನಂಬಲು ಬರುವುದಿಲ್ಲ. ಸಬ್ಸಿಡಿ ಗೊಬ್ಬರವನ್ನು ಸರ್ಕಾರದ ಪಿಒಎಸ್ (ಮಾರಾಟ ದಾಖಲಿಸುವ) ಯಂತ್ರದಲ್ಲೇ ಮಾರಬೇಕಾದ್ದರಿಂದ, ಯಂತ್ರದ ಉಳಿಕೆ, ಸಾಫ್ಟ್‌ವೇರಿನ ಉಳಿಕೆ, ಗೋದಾಮಿನಲ್ಲಿ ಕಣ್ಣಿಗೆ ಕಾಣುವ ಚೀಲಗಳು, ಈ ಮೂರನ್ನೂ ಆಗಾಗ ತಾಳೆ ನೋಡಲೇಬೇಕು.

ಕಾಫಿ, ಮೆಣಸನ್ನೂ ಕೊಳ್ಳುವುದಾದರೆ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತೇವ ಹೀರಿ ತೂಕ ಏರಿಸಿಕೊಳ್ಳುತ್ತದೆ, ಒಣಗಿದಾಗ ಇಳಿಸಿಕೊಳ್ಳುತ್ತದೆ. ಸಾಫ್ಟ್‌ವೇರಿಗೆ ಗೊತ್ತಿರುವುದು ಕೊಂಡ ದಿನದ ತೂಕ ಮಾತ್ರ. ಈ ವ್ಯತ್ಯಾಸವನ್ನು ಕಾರಣ ಬರೆದು ದಾಸ್ತಾನು ಹೊಂದಾಣಿಕೆಯಾಗಿ ತೋರಿಸದಿದ್ದರೆ, ಅದು ಕಳವೋ ತೇವವೋ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಕೊಳ್ಳುವ ಮುಂಚೆ ಮಾರಲು ಬಂದವರ ಕೈಗೆ ನಿಮ್ಮದೇ ಒಂದು ಗೊಬ್ಬರ, ಒಂದು ಕೀಟನಾಶಕ, ಬಿಡಿಯಾಗಿ ತೂಗಿ ಕೊಡುವ ಒಂದು ಸರಕು ಕೊಟ್ಟು, ಗೋದಾಮಿನಿಂದ ಅಂಗಡಿಗೆ ವರ್ಗಾಯಿಸಿ ಬಿಲ್ ಮಾಡಿ ತೋರಿಸಲು ಹೇಳಿ. ಬಳಿಕ ಇಂಟರ್‌ನೆಟ್ ತೆಗೆಸಿ ಅದನ್ನೇ ಇನ್ನೊಮ್ಮೆ ಮಾಡಿಸಿ. ಜುಲೈ ತಿಂಗಳಲ್ಲಿ ನಿಮ್ಮ ಅಂಗಡಿ ಬಹುಮಟ್ಟಿಗೆ ಹಾಗೆಯೇ ನಡೆಯಬೇಕಾಗುತ್ತದೆ.