ಸಮಾಧಿ ಕಲ್ಲು ಅಂತ ಊರಿಗೆ ಹೆಸರಿಡ್ತಾರಾ?

ಪ್ರಶ್ನೆ: ಮಗಳು ಅಮೆರಿಕದ ಫೀನಿಕ್ಸ್‌ನಲ್ಲಿದ್ದಾಳೆ, ಮಾರ್ಚ್‌ಗೆ ನಾವಿಬ್ರೂ ಹೊರಟಿದೀವಿ. ಅಳಿಯಂದ್ರು ಟೂಮ್‌ಸ್ಟೋನ್ ಅನ್ನೋ ಊರು ತೋರಿಸ್ತೀನಿ, ಕೌಬಾಯ್‌ಗಳ ಫೈಟಿಂಗ್ ಆಗಿದ್ದು ಅಲ್ಲೇ ಅಂತಿದಾರೆ. ಇದೆಂಥಾ ಹೆಸರು? ನೋಡೋಕೆ ಏನಾದ್ರೂ ಇದೆಯಾ, ಇಲ್ಲಾ ಬರೀ ಬಿಲ್ಡಪ್ಪಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಅರ್ಧ ಬಿಲ್ಡಪ್ಪೇ ಸರ್, ಆದ್ರೂ ಹೋಗಿ. ಹೆಸರಿಟ್ಟೋನು ಎಡ್ ಶೀಫ್ಲಿನ್ ಅಂತ, 1877ರಲ್ಲಿ ಅಪಾಚೆ ಅನ್ನೋ ಬುಡಕಟ್ಟಿನೋರ ಸೀಮೆಲಿ ಬೆಳ್ಳಿ ಹುಡುಕ್ಕೊಂಡು ಗುಡ್ಡ ಅಲೀತಿದ್ದ, ಅಲ್ಲಿ ನಿಂಗೆ ಸಿಗೋದು ನಿನ್ನ ಗೋರಿ ಕಲ್ಲೊಂದೇ ಕಣೋ ಅಂತ ಸಿಪಾಯಿಗಳು ನಕ್ಕಿದ್ರಂತೆ, ಇವನಿಗೆ ಬೆಳ್ಳಿನೇ ಸಿಕ್ತು, ಗಣಿಗೆ ಅದೇ ಹೆಸರಿಟ್ಟ. 1879ರಲ್ಲಿ ಊರಾಯ್ತು, ಮಾರನೇ ವರ್ಷ ಒಂದು ಪೇಪರ್ ಶುರುವಾಯ್ತು, ಅದರ ಹೆಸರು ‘ಎಪಿಟಾಫ್’, ಅಂದ್ರೆ ಗೋರಿ ಮೇಲೆ ಕೆತ್ತೋ ಬರಹ!

ಇನ್ನು ಫೈಟಿಂಗು. 1881ರ ಅಕ್ಟೋಬರ್ 26, ಮಧ್ಯಾಹ್ನ ಮೂರರ ಹೊತ್ತು, ಮೂವತ್ತು ಸೆಕೆಂಡು, ಹೆಚ್ಚುಕಮ್ಮಿ ಮೂವತ್ತು ಗುಂಡು, ಮೂರು ಹೆಣ, ಅಷ್ಟೇ. ಎಲ್ರೂ ಓಕೆ ಕೊರಾಲ್ ಅನ್ನೋ ಕುದುರೆ ಲಾಯದಲ್ಲಿ ಆಯ್ತು ಅಂತಾರೆ, 1957ರ ಹಾಲಿವುಡ್ ಸಿನಿಮಾದ ಹೆಸರಲ್ಲೂ ಅದೇ ಇದೆ, ನಿಜವಾಗಿ ನಡೆದಿದ್ದು ಅದರಾಚೆ ಒಂದು ಫೋಟೋ ಸ್ಟುಡಿಯೋ ಪಕ್ಕದ ಖಾಲಿ ಸಂದಿಯಲ್ಲಿ. ಸ್ಟುಡಿಯೋ ಪಕ್ಕದಲ್ಲೇ ಇದ್ದೂ ಫೈಟಿಂಗ್‌ದು ಒಂದೇ ಒಂದು ಫೋಟೋ ಇಲ್ಲ ನೋಡಿ. ಜಗಳದ ಮೂಲ ಕೇಳಿದ್ರೆ ನಗು ಬರುತ್ತೆ: ಊರೊಳಗೆ ಬರೋರು ಬಂದೂಕ ಬಿಟ್ಟು ಬರ್ಬೇಕು ಅಂತ ಮುನ್ಸಿಪಾಲಿಟಿ ರೂಲ್ಸಿತ್ತು, ನಾವು ದೇವಸ್ಥಾನದ ಹೊರಗೆ ಚಪ್ಪಲಿ ಬಿಡ್ತೀವಲ್ಲ ಹಾಗೆ, ಈ ಕೌಬಾಯ್‌ಗಳು ಬಿಡ್ಲಿಲ್ಲ ಅಂತ ಕಿತ್ಕೊಳೋಕೆ ಪೊಲೀಸ್ರು ಹೋಗಿದ್ದು. ಹಳೇ ದ್ವೇಷ ಒಳಗೊಳಗೇ ಇತ್ತು ಅನ್ನಿ.

ಆಮೇಲೆ ಗಣಿಗೆ ನೀರು ನುಗ್ತು, ದೊಡ್ಡ ಪಂಪ್ ತಂದು ಎತ್ತಿದ್ರು, 1886ರಲ್ಲಿ ಪಂಪ್‌ಹೌಸೇ ಸುಟ್ಟೋಯ್ತು. ನಮ್ಮ ಕೆಜಿಎಫ್ 2001ರವರೆಗೆ ಎಳೀತು, ಪಾಪ ಇವ್ರದ್ದು ಹತ್ತು ವರ್ಷದೊಳಗೇ ಮಂಕಾಯ್ತು.

ಆದ್ರೆ ನಾನು ಹೋಗಿ ಅಂದಿದ್ದು ಇದ್ಯಾವುದಕ್ಕೂ ಅಲ್ಲ, ಒಂದು ಗುಲಾಬಿ ಗಿಡಕ್ಕೆ. ಪಂಪ್ ಸುಡೋಕೆ ಒಂದು ವರ್ಷ ಮುಂಚೆ, 1885ರಲ್ಲಿ, ಗಣಿ ಇಂಜಿನಿಯರ್ ಒಬ್ಬನ ಹೆಂಡತಿಗೆ ಸ್ಕಾಟ್ಲೆಂಡಿನ ತವರಿಂದ ಬಂದ ಕಡ್ಡಿ ಅದು, ಹಿತ್ತಲಲ್ಲಿ ನೆಟ್ಟಿದ್ದು, ಇವತ್ತು ಸುಮಾರು 8000 ಚದರಡಿ ಹಬ್ಬಿದೆ, ಅಂದ್ರೆ ಆರು 30x40 ಸೈಟು ಮುಚ್ಚಿ ಇನ್ನೂ ಉಳಿಯುತ್ತೆ, ಗಿನ್ನೆಸ್‌ನವ್ರು ಪ್ರಪಂಚದಲ್ಲೇ ದೊಡ್ಡದು ಅಂತ ಬರ್ಕೊಂಡಿದಾರೆ. ಬುಡ ಒಂದೇ, ಮರದಷ್ಟು ದಪ್ಪ, ಕೊಂಬೆಗಳಿಗೆಲ್ಲ ಕಂಬ ಕೊಟ್ಟು ಚಪ್ಪರ ಮಾಡಿದಾರೆ, ಕೆಳಗೆ ನಡೀಬೋದು. ಹೂವು ಬಿಳಿ, ಪುಟಾಣಿ, ಲಾಲ್‌ಬಾಗಿನ ಫ್ಲವರ್ ಶೋ ಗುಲಾಬಿ ಥರ ದಪ್ಪ ಅಲ್ಲ, ಗೊಂಚಲು ಗೊಂಚಲು. ಬಿಡೋದು ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ, ಅಳಿಯಂದ್ರಿಗೆ ಹೇಳಿ ಟ್ರಿಪ್ಪು ಸ್ವಲ್ಪ ಮುಂದಕ್ಕೆ ಹಾಕ್ಸಿ. ಫೀನಿಕ್ಸ್‌ನಿಂದ ಕಾರಲ್ಲಿ ಮೂರು ಗಂಟೆ, ಸಿಲ್ಕ್ ಬೋರ್ಡ್ ಸಿಗಲ್ಲ ದಾರೀಲಿ.