ಒಂದು ಸಲ ಎತ್ತಿದ ಕೈ

ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬಂದ ಒಬ್ಬರ ವಿಷಯ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಫಿಸಿಯೋಥೆರಪಿಸ್ಟ್. 9 ವರ್ಷ ಚಿಕಿತ್ಸೆ ಕೊಟ್ಟವರು, ಈಗ 2 ವರ್ಷದಿಂದ ಅಂಗವೈಕಲ್ಯ ಪರಿಹಾರಕ್ಕೆ ಅರ್ಜಿ ಹಾಕಿದವರನ್ನು ಪರೀಕ್ಷಿಸಿ ವರದಿ ಬರೆಯುತ್ತಾರೆ. ಪರಿಹಾರ ಕೊಡಬೇಕೋ ಬೇಡವೋ ಅನ್ನೋದನ್ನು ತೀರ್ಮಾನಿಸುವವರು ಬೇರೆ, ಆದರೆ ಅವರ ಕಣ್ಣ ಮುಂದೆ ಇರೋದು ಇವರ ವರದಿ. ನಿದ್ದೆ ಇಲ್ಲ, ಮನೆಯಲ್ಲಿ ಸಿಡಿಮಿಡಿ.

"ಮೇಡಂ, ಮೊದಲು ಜನ ನೋವು ಕಮ್ಮಿ ಆಗಲಿ ಅಂತ ಬರುತ್ತಿದ್ದರು. ಈಗ ನೋವು ಇದೆ ಅಂತ ತೋರಿಸೋಕೆ ಬರುತ್ತಾರೆ. ನನ್ನನ್ನು ಕಂಡರೆ ಹೆದರುತ್ತಾರೆ" ಅಂದರು.

ಮೊದಲ ಭೇಟಿಯಲ್ಲಿ ಬರೀ ಕೆಲಸದ ಒತ್ತಡದ ಮಾತು. ಎರಡನೆಯದರಲ್ಲಿ ನಿಜವಾದ ವಿಷಯ ಹೊರಬಂತು. ಒಬ್ಬ ಅರ್ಜಿದಾರರಿಗೆ ಕೈ ತಲೆಯ ಮೇಲೆ ಎತ್ತಿ ಅಂದಿದ್ದರು, ಅವರು ಎತ್ತಿದರು, ಇವರು 'ಎತ್ತಬಲ್ಲರು' ಅಂತ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದರು. ಎಲ್ಲ ಮುಗಿದು ಆ ವ್ಯಕ್ತಿ ಎದ್ದಾಗ, ಅಷ್ಟು ಹೊತ್ತು ಮೇಜಿನ ಕೆಳಗೆ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಕೂತಿದ್ದರು ಅನ್ನೋದು ಕಾಣಿಸಿತು. ಬೆರಳುಗಳು ನಡುಗುತ್ತಿದ್ದವು. ಇವರು ನೋಡಿದರು, ಆದರೆ ಬರೆಯಲಿಲ್ಲ. ಮುಂದಿನವರು ಹೊರಗೆ ಕಾಯುತ್ತಿದ್ದರು. ಈಗ ದಿನಾ ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದರೆ ಸಾಕು, ಆ ಬೆರಳುಗಳೇ ನೆನಪಾಗುತ್ತವೆ.

ನಾನು ಸಮಾಧಾನ ಹೇಳಲಿಲ್ಲ. 'ನಿಮ್ಮ ತಪ್ಪಲ್ಲ ಬಿಡಿ' ಅಂದಿದ್ದರೆ ಸುಳ್ಳಾಗುತ್ತಿತ್ತು, ಅದು ಅವರಿಗೂ ಗೊತ್ತಾಗುತ್ತಿತ್ತು. ಕಂಡದ್ದು ಬಿಟ್ಟುಹೋಗಿದ್ದರೆ ಸೇರಿಸಬೇಕು, ಅಲ್ವಾ? ನಾಳೆಯೇ ಮೇಲಿನವರಿಗೆ ಹೇಳಿ, ವರದಿಗೆ ಪೂರಕ ಟಿಪ್ಪಣಿ ಕಳಿಸಿ ಅಂದೆ. ಬೈಸಿಕೊಳ್ಳಬೇಕಾಗಬಹುದು, ಆದರೂ ಕಳಿಸಿ. ಇಂಥ ಕೊರಗು ಬರೀ ಮಾತಿನಿಂದ ಹೋಗುವುದಿಲ್ಲ.

ಇನ್ನೊಂದು ವಿಷಯವನ್ನು ತುಂಬಾ ಹೊತ್ತು ಮಾತಾಡಿದೆವು. ವಿಶ್ವ ಆರೋಗ್ಯ ಸಂಸ್ಥೆಯ 2001ರ ಐಸಿಎಫ್‌ನಲ್ಲಿ, ಅಂದರೆ ಆರೋಗ್ಯ ಮತ್ತು ಅಂಗವೈಕಲ್ಯವನ್ನು ವಿವರಿಸುವ ವರ್ಗೀಕರಣದಲ್ಲಿ, ಪರೀಕ್ಷೆ ಮಾಡುವಾಗ ಮನುಷ್ಯ ಏನು ಮಾಡಬಲ್ಲ ಅನ್ನೋದು ಬೇರೆ, ತಾನು ಬದುಕುವ ಜಾಗದಲ್ಲಿ ನಿಜಕ್ಕೂ ಏನು ಮಾಡುತ್ತಾನೆ ಅನ್ನೋದು ಬೇರೆ. ಅದೇ ಸಂಸ್ಥೆಯ, ಅಂಗವೈಕಲ್ಯವನ್ನು ಅಳೆಯುವ ಹೂಡಾಸ್ 2.0 ಪ್ರಶ್ನಾವಳಿ ಕೇಳುವುದು ಹಿಂದಿನ 30 ದಿನಗಳ ಬಗ್ಗೆ, ಇವತ್ತಿನ ಅರ್ಧ ಗಂಟೆಯ ಬಗ್ಗೆ ಅಲ್ಲ. ಇದೆಲ್ಲ ಅವರು ಓದಿದ್ದೇ. ದಿನವೂ ಸಾಲಾಗಿ ಜನ ಬರುವಾಗ ಕೈಬಿಟ್ಟು ಹೋಗಿತ್ತು.

"ಸುಳ್ಳು ಹೇಳುವವರೂ ಬರುತ್ತಾರಲ್ಲ ಮೇಡಂ?"

ಬರುತ್ತಾರೆ. ಆದರೆ ಸ್ವಲ್ಪ ಜಾಸ್ತಿ ಮಾಡಿ ಹೇಳುವ ಎಷ್ಟೋ ಜನರಿಗೆ ನಿಜವಾದ ನೋವೇ ಇರುತ್ತದೆ, ಯಾರೂ ನಂಬಲ್ಲ ಅನ್ನುವ ಭಯಕ್ಕೆ ಹಾಗೆ ಹೇಳುತ್ತಾರೆ. ಅದಕ್ಕೇ ಶುರುವಿನಲ್ಲೇ 'ನಾನು ಚಿಕಿತ್ಸೆ ಕೊಡುವವಳಲ್ಲ, ನೀವು ಹೇಳಿದ್ದನ್ನೂ ನಾನು ನೋಡಿದ್ದನ್ನೂ ಬೇರೆ ಬೇರೆಯಾಗಿ ಬರೆಯುತ್ತೇನೆ' ಅಂತ ಹೇಳಿಬಿಡಿ ಅಂದೆ. ಎರಡೂ ಹೊಂದದಿದ್ದರೆ ಹೊಂದಲಿಲ್ಲ ಅಂತಲೇ ಬರೆಯಿರಿ, ಕಾರಣ ಊಹಿಸಬೇಡಿ. ಭೀಕರ ಅಪಘಾತದ ಕಡತಗಳನ್ನು ರಾತ್ರಿ ಮನೆಯಲ್ಲಿ ಓದಬೇಡಿ. ವಾರಕ್ಕೊಮ್ಮೆ ಇದೇ ಕೆಲಸದ ಒಬ್ಬರ ಹತ್ತಿರ, ಹೆಸರು ಹೇಳದೆ, ಕಷ್ಟವಾದ ಒಂದು ಪ್ರಕರಣ ಮಾತಾಡಿ.

ಮೂರನೇ ಸಲ ಬಂದಾಗ ಟಿಪ್ಪಣಿ ಕಳಿಸಿ ಆಗಿತ್ತು. ಮುಂದೇನಾಯಿತು ಅಂತ ಅವರಿಗೆ ಯಾರೂ ಹೇಳಿಲ್ಲ, ಹೇಳುವ ಪದ್ಧತಿಯೂ ಇಲ್ಲ, ಅದು ಇನ್ನೂ ಚುಚ್ಚುತ್ತದೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಈಗ ಯಾರಾದರೂ ಕೈ ಎತ್ತಿದರೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಾರಂತೆ: "ಹೀಗೆ ಎತ್ತಿದ ಮೇಲೆ, ಸಂಜೆವರೆಗೆ ಈ ಕೈ ಹೇಗಿರುತ್ತೆ?"