ಪಿಜ್ಜಾ ಕಲ್ಲು ಕೊಳ್ಳುವ ಮೊದಲು ಒಟಿಜಿಯ ಬಾಗಿಲು ತೆರೆಯಿರಿ

ಮನೆಯಲ್ಲೇ ಪಿಜ್ಜಾ ಮಾಡುವ ತಂಗಿಗೆ ಹುಟ್ಟುಹಬ್ಬಕ್ಕೆ ಗೊತ್ತಾಗದ ಹಾಗೆ ಪಿಜ್ಜಾ ಕಲ್ಲು (ಒಟಿಜಿ ಎಂಬ ಮನೆಬಳಕೆಯ ಕರೆಂಟ್ ಓವನ್ನಿನೊಳಗೆ ಕಾಯಿಸಿ, ಮೇಲೆ ಪಿಜ್ಜಾ ಬೇಯಿಸುವ ದಪ್ಪ ಬಿಲ್ಲೆ) ತರಿಸಬೇಕು, ಮೂರು ಸಾವಿರದೊಳಗೆ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಗೊತ್ತಾಗದ ಹಾಗೆ ತರಿಸಬೇಡಿ.

ನಮ್ಮದು ಕೋಲಾರದ ಪಕ್ಕದ ಹಳ್ಳಿ. ಟೊಮೆಟೊ ಬೆಳೆಯುತ್ತೇವೆ. ಒಂದು ವರ್ಷ ಬೆಲೆ ಎಷ್ಟು ಬಿತ್ತೆಂದರೆ, 15 ಕಿಲೋ ಬಾಕ್ಸನ್ನು ಮಂಡಿಗೆ ಸಾಗಿಸಿದ ಬಾಡಿಗೆಯೂ ಹುಟ್ಟಲಿಲ್ಲ. ಮನೆಯಲ್ಲಿ ಉಳಿದ ಹಣ್ಣನ್ನು ತಂಗಿ ಸಾಸ್ ಮಾಡಲು ಕುದಿಸತೊಡಗಿದಳು. ಸಾಸಿನಿಂದ ಪಿಜ್ಜಾಕ್ಕೆ ಬಂದಳು. ದೂರದ ಊರುಗಳಿಗೆ ಸಾಗಿಸಲೆಂದು ಬೆಳೆಯುವ ಹೈಬ್ರಿಡ್ ಹಣ್ಣಿನಲ್ಲಿ ತಿರುಳು ಹೆಚ್ಚು, ನೀರು ಕಡಿಮೆ, ಬೇಗ ಗಟ್ಟಿಯಾಗುತ್ತದೆ. ಹುಳಿ ಸಾಲದು, ಅದಕ್ಕೆ ನಾಲ್ಕು ನಾಟಿ ಹಣ್ಣು ಸೇರಿಸುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ, ಮಾಡಿ ಮಾಡಿ ತಾನೇ ಕಂಡುಕೊಂಡದ್ದು. ಅಂಥವಳಿಗೆ ಏನಾದರೂ ದೊಡ್ಡದನ್ನೇ ಕೊಡಬೇಕು ಎನ್ನುವ ಆಸೆ ನನಗೆ.

ಕಲ್ಲಿನ ಬಗ್ಗೆ ಓದಿದ್ದೆ. ಇಟಲಿಯ ನೇಪಲ್ಸ್‌ನಲ್ಲಿ ಸೌದೆಯ ಗೂಡು 430 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದಿರುತ್ತದೆ, ಪಿಜ್ಜಾ ಒಂದರಿಂದ ಒಂದೂವರೆ ನಿಮಿಷದಲ್ಲಿ ಬೇಯುತ್ತದೆ. ನಮ್ಮ ಮನೆಯ ಒಟಿಜಿ 250 ಡಿಗ್ರಿಗೆ ನಿಂತುಬಿಡುತ್ತದೆ. ಬರೀ ತಟ್ಟೆಯಲ್ಲಿಟ್ಟು ಬೇಯಿಸಿದರೆ ಮೇಲೆ ಚೀಸ್ ಕಂದುವ ಹೊತ್ತಿಗೂ ತಳ ಹಸಿಹಸಿ. ದಪ್ಪ ಕಲ್ಲನ್ನು ಮುಕ್ಕಾಲು ಗಂಟೆ ಒಳಗೆ ಕಾಯಿಸಿಟ್ಟು, ಅದರ ಮೇಲೆ ಹಿಟ್ಟನ್ನು ಜಾರಿಸಿದರೆ ತಳಕ್ಕೆ ಬೇಕಾದ ಶಾಖವನ್ನು ಅದು ಒಮ್ಮೆಲೇ ಕೊಡುತ್ತದೆ. ಇದೆಲ್ಲ ಸರಿ.

ನಾನು ಅಳೆಯದೆ ತಂದೆನೆಂದುಕೊಳ್ಳಬೇಡಿ. ತಂಗಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಟೇಪು ಹಿಡಿದು ಒಟಿಜಿಯ ಅಗಲ ಅಳೆದೆ: 47 ಸೆಂಟಿಮೀಟರ್. ಕಲ್ಲು 38 ಸೆಂಟಿಮೀಟರಿನ ದುಂಡನೆಯದು. ಇನ್ನೂ ಒಂಬತ್ತು ಮಿಕ್ಕಿತಲ್ಲ ಎಂದು ಧೈರ್ಯವಾಗಿ ತರಿಸಿದೆ. ನಾನು ಅಳೆದದ್ದು ಹೊರಮೈಯನ್ನು. ಬಲಗಡೆ ಗುಂಡಿಗಳಿರುವ ಪಟ್ಟಿಯ ಹಿಂದೆ ಇರುವುದು ತಂತಿಗಳು. ಅಲ್ಲಿ ಒಲೆಯೇ ಇಲ್ಲ. ಗೋಡೆಗೆ ಎರಡು ಪದರ. ಬಾಗಿಲು ತೆರೆದು ಅಳೆದಿದ್ದರೆ ಒಳಗೆ ಅಗಲ 33, ಆಳ 29 ಮಾತ್ರ ಎಂದು ತಿಳಿಯುತ್ತಿತ್ತು. ಡಬ್ಬಿಯ ಮೇಲೆ 28 ಲೀಟರ್ ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನೋಡಿಯೂ ದೊಡ್ಡದೇ ಇರಬೇಕೆಂದು ನಂಬಿದ್ದೆ. ಲೀಟರ್ ಎಂದರೆ ಅಗಲ, ಆಳ, ಎತ್ತರ ಮೂರನ್ನೂ ಗುಣಿಸಿದ್ದು. ಎತ್ತರವೂ 29; ಗುಣಿಸಿ ನೋಡಿ, ಹೆಚ್ಚು ಕಡಿಮೆ 28 ಸಾವಿರ ಘನ ಸೆಂಟಿಮೀಟರ್, ಅಂದರೆ 28 ಲೀಟರ್. ಡಬ್ಬಿ ಸುಳ್ಳು ಹೇಳಿರಲಿಲ್ಲ. ಆದರೆ ಎಷ್ಟು ದೊಡ್ಡ ಕಲ್ಲು ಹಿಡಿಸುತ್ತದೆ ಎಂಬುದನ್ನು ಲೀಟರ್ ಹೇಳುವುದಿಲ್ಲ. ಸುತ್ತಲೂ ಬಿಸಿಗಾಳಿ ಆಡಲು ಎರಡೆರಡು ಸೆಂಟಿಮೀಟರ್ ಬಿಡಬೇಕು, ಬಾಗಿಲಿನ ಗಾಜಿಗೆ ಕಲ್ಲು ತಾಗಬಾರದು. ಹಾಗಾಗಿ ಆಳದ 29ರಲ್ಲಿ ನಾಲ್ಕು ಕಳೆದರೆ 25. ನಮ್ಮ ಮನೆಗೆ ಬೇಕಿದ್ದದ್ದು 25 ಸೆಂಟಿಮೀಟರಿನ ಕಲ್ಲು, ನಾನು ತಂದದ್ದು 38ರದ್ದು.

ಬಿಚ್ಚಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. 2,200 ರೂಪಾಯಿ ಹೋಯಿತು. ಹಣಕ್ಕಿಂತ ಮುಂದೆ ನಡೆದದ್ದು ನನ್ನನ್ನು ಹೆಚ್ಚು ನೋಯಿಸಿತು. ನನಗೆ ಬೇಜಾರಾಗಬಾರದೆಂದು ತಂಗಿ, "ಪರವಾಗಿಲ್ಲ ಅಣ್ಣ, ಗ್ಯಾಸ್ ಒಲೆಯ ಮೇಲಿಟ್ಟು ಮಾಡುತ್ತೇನೆ" ಎಂದಳು. ಮೂರನೆಯ ಭಾನುವಾರ ಕಲ್ಲು ಟಪ್ಪೆಂದು ಎರಡು ಹೋಳಾಯಿತು. ಉರಿ ತಾಗುವುದು ನಡುವಿಗೆ ಮಾತ್ರ. ನಡು ಹಿಗ್ಗುತ್ತದೆ, ಅಂಚು ತಣ್ಣಗೇ ಇರುತ್ತದೆ, ಕಲ್ಲು ತಡೆಯಲಾರದೆ ಸೀಳುತ್ತದೆ. ಒಲೆಯ ತುಂಬ ಸಾಸು, ಚೀಸು. "ನೀನು ಕೊಟ್ಟದ್ದನ್ನು ಒಡೆದುಬಿಟ್ಟೆನಲ್ಲ ಅಣ್ಣ" ಎಂದು ಅವಳು ಅತ್ತಳು. ಒಡೆದದ್ದು ಅವಳಲ್ಲ. ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ.

ಅದರ ಮುಂದಿನ ವಾರ ನಾನು ಅಡುಗೆಮನೆಯಲ್ಲಿ ನಿಂತು ನೋಡಿದೆ. ಅಜ್ಜಿಯ ಕಾಲದ, ಹಿಡಿಯಿಲ್ಲದ ಕಬ್ಬಿಣದ ದೋಸೆ ಕಾವಲಿಯನ್ನು ಬೋರಲು ಹಾಕಿ ಒಟಿಜಿಯಲ್ಲಿ ಕಾಯಲು ಇಟ್ಟಳು. ಕಲ್ಲು ಬರುವ ಮೊದಲಿನಿಂದಲೂ ಹೀಗೇ ಮಾಡುತ್ತಿದ್ದಳಂತೆ! ಕಬ್ಬಿಣ ಕಲ್ಲಿಗಿಂತ ಬೇಗ ಹಿಟ್ಟಿಗೆ ಶಾಖ ಕೊಡುತ್ತದೆ. ತಳ ಚೆನ್ನಾಗಿ ಕಂದಿ, ಕಡಿದರೆ ಕರಕರ ಎನ್ನುತ್ತಿತ್ತು. ಅವಳಿಗೆ ಕಲ್ಲಿನ ಕೊರತೆಯೇ ಇರಲಿಲ್ಲ. ಇಲ್ಲದಿದ್ದದ್ದು ತೂಕದ ಯಂತ್ರ. ಲೋಟದಲ್ಲಿ ಅಳೆಯುತ್ತಿದ್ದಳು. ಒಂದೇ ಲೋಟ ಮೈದಾ, ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಅದಕ್ಕೇ ಒಂದು ವಾರ ಹಿಟ್ಟು ಅಂಟು, ಇನ್ನೊಂದು ವಾರ ಬಿರುಸು.

ಹಾಗಾಗಿ ನನ್ನನ್ನು ಕೇಳಿದರೆ, ಮೊದಲು ಡಿಜಿಟಲ್ ತೂಕದ ಯಂತ್ರ ಕೊಡಿ. ನಾನು ಆಮೇಲೆ ಕೊಟ್ಟದ್ದು ಅದನ್ನೇ. ಈಗ 500 ಗ್ರಾಂ ಮೈದಾಕ್ಕೆ 325 ಗ್ರಾಂ ನೀರು, 10 ಗ್ರಾಂ ಉಪ್ಪು, ಹಿಂದಿನ ದಿನವೇ ಕಲಸಿ ಫ್ರಿಜ್ಜಿನಲ್ಲಿಡುತ್ತಾಳೆ. ಯೀಸ್ಟ್ ಎರಡು ಗ್ರಾಂ ಸಾಕು. ಅಷ್ಟು ಸಣ್ಣ ತೂಕ ಸಾಮಾನ್ಯ ಯಂತ್ರದಲ್ಲಿ ನಿಖರವಾಗಿ ಬರುವುದಿಲ್ಲ, 0.1 ಗ್ರಾಂ ತೋರಿಸುವ ಚಿಕ್ಕ ಯಂತ್ರವನ್ನೂ ಜೊತೆಗೆ ಕೊಟ್ಟರೆ ಒಳ್ಳೆಯದು. ಎರಡೂ ಸೇರಿ ನಿಮ್ಮ ಮೂರು ಸಾವಿರದಲ್ಲಿ ಅರ್ಧವೂ ಖರ್ಚಾಗಲಾರದು. ಉಳಿದ ಹಣಕ್ಕೆ ಮೊಝರೆಲ್ಲಾ ಚೀಸ್ ತನ್ನಿ. ಪ್ರತಿ ಸಲ ದುಡ್ಡು ಹೋಗುವುದು ಅದಕ್ಕೇ, ಆದರೂ ಉಡುಗೊರೆಯಾಗಿ ಯಾರೂ ಚೀಸ್ ಕೊಡುವುದಿಲ್ಲ. ನೀರಿನಲ್ಲಿ ಮುಳುಗಿಸಿ ಮಾರುವ ಮೆತ್ತನೆಯ ಉಂಡೆ ಬೇಡ, ಒಟಿಜಿಯ ಶಾಖದಲ್ಲಿ ಅದು ನೀರು ಬಿಟ್ಟು ಪಿಜ್ಜಾವನ್ನು ತೋಯಿಸುತ್ತದೆ. ಗಟ್ಟಿ ಬ್ಲಾಕ್ ಇರಲಿ. ಕತ್ತರಿಸುವ ಚಕ್ರ, ಬಣ್ಣದ ಡಬ್ಬಿಯಲ್ಲಿ ಬರುವ ಸೆಟ್ಟು ಇವೆಲ್ಲ ಬೇಡವೇ ಬೇಡ. ಅಡುಗೆಮನೆಯ ಕತ್ತರಿ ಸಾಕು.

ಕಲ್ಲೇ ಕೊಡಬೇಕೆಂದು ಮನಸ್ಸಿದ್ದರೆ ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿ. ಅವಳ ಬಳಿ ಈಗಾಗಲೇ ಕಾವಲಿ ಇದೆಯೋ ಏನೋ. ಇಲ್ಲವೆಂದರೆ ಒಟಿಜಿಯ ಬಾಗಿಲು ತೆರೆದು ಒಳಗಿನ ಅಗಲ, ಆಳ ಅಳೆದು ಇಲ್ಲಿ ಬರೆಯಿರಿ. ಯಾವ ಗಾತ್ರದ್ದು ಹಿಡಿಸುತ್ತದೆ ಎಂದು ನಾನು ಲೆಕ್ಕ ಹಾಕಿ ಹೇಳುತ್ತೇನೆ.